ಗಣಕದಲ್ಲಿ ಸಂಖ್ಯೆಯ ಪ್ರದರ್ಶನ ಮತ್ತು ಅದರ ನಿಯಂತ್ರಣ

ಲೆಕ್ಕ ಮಾಡುವ ತಂತ್ರಾಂಶದಲ್ಲಿ ಪ್ರತಿ ಸಂಖ್ಯೆಯೂ ಎರಡು ಕಡೆ ಇರುತ್ತದೆ. ಒಂದು, ಯಂತ್ರದ ಸ್ಮೃತಿಯೊಳಗೆ, ಸೊನ್ನೆ ಒಂದುಗಳ ಸಾಲಾಗಿ. ಇನ್ನೊಂದು, ಪರದೆಯ ಮೇಲೋ ಕಾಗದದ ಮೇಲೋ ಕಡತದಲ್ಲೋ, ನಾವು ಓದುವ ಅಂಕಿಗಳಾಗಿ. ಮೊದಲನೆಯದನ್ನು ಎರಡನೆಯದಾಗಿ ಮಾಡುವಾಗ ದಶಮಾಂಶದ ನಂತರ ಎಷ್ಟು ಸ್ಥಾನ ತೋರಿಸಬೇಕು, ಕೊನೆಯ ಅಂಕಿಯನ್ನು ಯಾವ ನಿಯಮದಂತೆ ರೌಂಡ್ ಆಫ್ ಮಾಡಬೇಕು, ಬಹಳ ದೊಡ್ಡ ಸಂಖ್ಯೆಯನ್ನು ಹತ್ತರ ಘಾತವಾಗಿ ಬರೆಯಬೇಕೋ ಪೂರ್ತಿ ಬಿಡಿಸಬೇಕೋ, ಅಲ್ಪವಿರಾಮ ಎಲ್ಲಿ ಹಾಕಬೇಕು, ಕೊನೆಯ ಸೊನ್ನೆಗಳನ್ನು ಉಳಿಸಬೇಕೋ ಅಳಿಸಬೇಕೋ ಎಂಬುದನ್ನೆಲ್ಲ ಯಾರಾದರೂ ತೀರ್ಮಾನಿಸಲೇಬೇಕು. ಬಳಸುವವರು ತೀರ್ಮಾನಿಸದಿದ್ದರೆ ತಂತ್ರಾಂಶ ಬರೆದವರು ಎಂದೋ ಮಾಡಿಟ್ಟ ತೀರ್ಮಾನ ಜಾರಿಗೆ ಬರುತ್ತದೆ. ಈ ತೀರ್ಮಾನಗಳನ್ನು ಬಳಸುವವರ ಕೈಗೆ ಕೊಡುವ ಸೌಲಭ್ಯಗಳಿಗೆ ಒಟ್ಟಾಗಿ ಪ್ರದರ್ಶನ ನಿಯಂತ್ರಣ ಎನ್ನಬಹುದು. ಇದು ಲೆಕ್ಕ ಮುಗಿದ ಮೇಲಿನ ಅಲಂಕಾರ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಈ ಲೇಖನ ಅದನ್ನು ಒಪ್ಪುವುದಿಲ್ಲ. ತೋರಿಸಿದ ಸಂಖ್ಯೆಯೇ ಮುಂದಿನ ಲೆಕ್ಕದ ಅಥವಾ ಮುಂದಿನ ನಿರ್ಧಾರದ ಮೂಲವಾಗುವುದರಿಂದ ಪ್ರದರ್ಶನವು ಲೆಕ್ಕದ ಒಂದು ಹಂತವೇ ಆಗಿದೆ. ಬೆಂಗಳೂರಿಗೆ ಹತ್ತಿಕೊಂಡ, ಕನ್ನಡ ತೆಲುಗು ತಮಿಳು ಮೂರೂ ಕಿವಿಗೆ ಬೀಳುವ ಹೊಸೂರು ಸೀಮೆಯಲ್ಲಿ, ಅವಲಪಲ್ಲಿಯಂಥ ಊರುಗಳ ಸುತ್ತ ಹೊಲದ ಅಳತೆಯೂ ಕಾರ್ಖಾನೆಯ ಅಳತೆಯೂ ಪಕ್ಕಪಕ್ಕದಲ್ಲೇ ನಡೆಯುವುದರಿಂದ, ಈ ಮಾತಿಗೆ ಪುರಾವೆ ದೂರದಿಂದ ತರಬೇಕಾಗಿಲ್ಲ.

ಮೊದಲು ಒಳಗಿನ ಕಥೆ. 1985ರ ಐಇಇಇ 754 ಮಾನಕದ ಪ್ರಕಾರ ಇಂದಿನ ಬಹುತೇಕ ಗಣಕಗಳು ಒಂದು ದಶಮಾಂಶ ಸಂಖ್ಯೆಗೆ 64 ಬಿಟ್ ಮೀಸಲಿಡುತ್ತವೆ. ಅದರಲ್ಲಿ ನಿಖರತೆಗೆ ಸಿಗುವುದು 53 ಬಿಟ್. ನಮ್ಮ ಲೆಕ್ಕದಲ್ಲಿ ಅದು ಸುಮಾರು 16 ಸಾರ್ಥಕ ಅಂಕಿಗಳಿಗೆ ಸಮ. ತೊಡಕು ಇರುವುದು ಆಧಾರದಲ್ಲಿ. ಯಂತ್ರದ್ದು ಎರಡರ ಆಧಾರ, ನಮ್ಮದು ಹತ್ತರದು. ಹತ್ತನೇ ಒಂದು ಭಾಗ, ಅಂದರೆ 0.1, ಎರಡರ ಆಧಾರದಲ್ಲಿ ಮುಗಿಯುವುದೇ ಇಲ್ಲ. ಆದ್ದರಿಂದ ಯಂತ್ರ ಅದಕ್ಕೆ ಅತಿ ಹತ್ತಿರದ 0.1000000000000000055511… ಎಂಬ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಅದನ್ನು ನಮಗೆ ಏನೆಂದು ತೋರಿಸಬೇಕು? ಯಾವುದೇ 64 ಬಿಟ್ ಸಂಖ್ಯೆಯನ್ನು 17 ಸಾರ್ಥಕ ಅಂಕಿಗಳಲ್ಲಿ ಬರೆದರೆ, ಅದನ್ನು ಮತ್ತೆ ಓದಿಸಿದಾಗ ಒಳಗಿನ ಬಿಟ್‌ಗಳು ಒಂದೂ ಬದಲಾಗದೆ ಮರಳುತ್ತವೆ. ಆದರೆ ಹಾಗೆ ಬರೆದರೆ 0.1 ಎಂಬುದು 0.10000000000000001 ಎಂದು ಕಾಣುತ್ತದೆ. 1990ರಲ್ಲಿ ಗೈ ಸ್ಟೀಲ್ ಮತ್ತು ಜಾನ್ ವೈಟ್ ಇದಕ್ಕೊಂದು ಅಚ್ಚುಕಟ್ಟಾದ ದಾರಿ ಪ್ರಕಟಿಸಿದರು: ಮತ್ತೆ ಓದಿಸಿದಾಗ ಅದೇ ಬಿಟ್‌ಗಳನ್ನು ಕೊಡುವ ದಶಮಾಂಶಗಳಲ್ಲಿ ಅತಿ ಕಡಿಮೆ ಅಂಕಿಗಳಿರುವುದನ್ನು ಹುಡುಕಿ ತೋರಿಸುವುದು. 0.1 ಆಗ 0.1 ಆಗಿಯೇ ಕಾಣುತ್ತದೆ, ಮಾಹಿತಿಯೂ ಸೋರುವುದಿಲ್ಲ. ಪೈಥಾನ್ ಭಾಷೆ 2009ರ 3.1ನೇ ಆವೃತ್ತಿಯಿಂದ, ಅದರ ಗಣಿತ ಗ್ರಂಥಾಲಯ ನಮ್‌ಪೈ 2018ರ 1.14ನೇ ಆವೃತ್ತಿಯಿಂದ ಈ ದಾರಿ ಹಿಡಿದವು. ಅದೇ 2018ರಲ್ಲಿ ಉಲ್ಫ್ ಆಡಮ್ಸ್ ಇದನ್ನು ಬಹಳ ವೇಗವಾಗಿ ಮಾಡುವ ರ್ಯು ಎಂಬ ಕ್ರಮವಿಧಿಯನ್ನು ಪ್ರಕಟಿಸಿದರು. ಒಂದು ಸಂಖ್ಯೆಯನ್ನು ಬರೆದು ತೋರಿಸುವ ಕೆಲಸಕ್ಕೆ ದಶಕಗಳ ಸಂಶೋಧನೆ ಬೇಕಾಯಿತು ಎಂಬುದೇ ಅದು ಬರಿಯ ಅಲಂಕಾರವಲ್ಲ ಎನ್ನುವುದಕ್ಕೆ ಮೊದಲ ಸೂಚನೆ.

ತಂತ್ರಾಂಶಗಳು ತಾವಾಗಿ ಮಾಡುವ ತೀರ್ಮಾನಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದು ಹಳೆಯ ಸಂಖ್ಯೆಯನ್ನೇ ಉದಾಹರಣೆಯಾಗಿ ನೋಡಬಹುದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹದಲ್ಲಿ ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಎಂಬ ಸಂಖ್ಯೆ ಬರುತ್ತದೆ. ಅದು 111111ರ ವರ್ಗ. ಅದರ ಸೊಬಗೆಲ್ಲ ಅಂಕಿಗಳ ಜೋಡಣೆಯಲ್ಲಿದೆ. ಇದನ್ನೇ ಎಂಜಿನಿಯರುಗಳು ಬಳಸುವ ಮ್ಯಾಟ್‌ಲ್ಯಾಬ್ ಎಂಬ ಲೆಕ್ಕದ ತಂತ್ರಾಂಶಕ್ಕೆ ಕೊಟ್ಟರೆ, ಮೊದಲಿನಿಂದ ಇರುವ ಕಿರು ರೂಪದಲ್ಲಿ, 1.2346ಇ+10 ಎಂದು ತೋರಿಸುತ್ತದೆ. ಇಲ್ಲಿ ‘ಇ+10’ ಎಂದರೆ ಹತ್ತರ ಹತ್ತನೇ ಘಾತದಿಂದ ಗುಣಿಸು ಎಂದರ್ಥ. ನಮ್‌ಪೈಯ ದಶಮಾಂಶ ಸರಣಿಯೊಳಗೆ ಇಟ್ಟರೆ 1.23456543ಇ+10 ಎಂದು ಬರುತ್ತದೆ. ಸಂಖ್ಯಾಶಾಸ್ತ್ರದವರು ಬಳಸುವ ಆರ್, ಘಾತದ ರೂಪ ಇನ್ನೂ ಉದ್ದವಾಗುವುದರಿಂದ, ಹನ್ನೊಂದೂ ಅಂಕಿಗಳನ್ನು ಬಿಡಿಸಿ ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಅಂಕಣ ಅಗಲವಾಗಿದ್ದರೆ ಪೂರ್ತಿ ಕಾಣುತ್ತದೆ, ಕಿರಿದಾಗಿದ್ದರೆ ಘಾತವಾಗಿ ಕುಗ್ಗುತ್ತದೆ. ಒಳಗಿರುವ ಸಂಖ್ಯೆ ಎಲ್ಲ ಕಡೆಯೂ ಒಂದೇ. ಆದರೆ ಮೊದಲ ಎರಡು ಪರದೆಗಳನ್ನು ಮಾತ್ರ ನೋಡಿದ ವಿದ್ಯಾರ್ಥಿಗೆ ಮಹಾವೀರಾಚಾರ್ಯರು ಕಂಡದ್ದು ಕಾಣುವುದಿಲ್ಲ. ಮ್ಯಾಟ್‌ಲ್ಯಾಬ್‌ನ ಕಿರು ರೂಪ ದಶಮಾಂಶದ ನಂತರ 4 ಸ್ಥಾನ, ಆರ್ 7 ಸಾರ್ಥಕ ಅಂಕಿ, ಸಿ++ ಭಾಷೆಯ ಔಟ್‌ಪುಟ್ 6 ಸಾರ್ಥಕ ಅಂಕಿ, ನಮ್‌ಪೈ ದಶಮಾಂಶದ ನಂತರ 8 ಸ್ಥಾನ ಎಂದು ಹೊರಟಿವೆ. ಈ 4, 6, 7, 8ಗಳ ಹಿಂದೆ ಗಣಿತದ ಕಾರಣ ಯಾವುದೂ ಇಲ್ಲ. ಪರದೆಯ ಅಗಲ, ಓದುವವರ ತಾಳ್ಮೆ ಮತ್ತು ಹಳೆಯ ರೂಢಿ ಇವೆ.

ಆ ರೂಢಿಯ ಬೇರು 1957ರಲ್ಲಿ ಐಬಿಎಂ 704 ಗಣಕಕ್ಕೆಂದು ಬಂದ ಫೋರ್ಟ್ರಾನ್‌ನಲ್ಲಿದೆ. ಅದರ ‘ಫಾರ್ಮ್ಯಾಟ್’ ಹೇಳಿಕೆಯಲ್ಲಿ ಪ್ರತಿ ಸಂಖ್ಯೆಗೂ ಎಷ್ಟು ಜಾಗ, ಅದರಲ್ಲಿ ದಶಮಾಂಶಕ್ಕೆ ಎಷ್ಟು ಎಂಬುದನ್ನು ಕಾರ್ಯಕ್ರಮ ಬರೆಯುವವರೇ ಹೇಳಬೇಕಿತ್ತು. ಕೊಟ್ಟ ಜಾಗದಲ್ಲಿ ಸಂಖ್ಯೆ ಹಿಡಿಯದಿದ್ದರೆ ಫೋರ್ಟ್ರಾನ್ ಆ ಜಾಗದ ತುಂಬ ನಕ್ಷತ್ರ ಚಿಹ್ನೆಗಳನ್ನು ಮುದ್ರಿಸುತ್ತದೆ. ಇದನ್ನು ಕಂಡು ಸಿಟ್ಟಾದ ಎಂಜಿನಿಯರುಗಳು ಬಹಳ. ಆದರೆ ಆ ನಡವಳಿಕೆ ಗೌರವಕ್ಕೆ ಅರ್ಹ: ಸರಿಯಾಗಿ ತೋರಿಸಲಾಗದಿದ್ದರೆ ತಪ್ಪಾಗಿ ತೋರಿಸುವ ಬದಲು ತೋರಿಸಲಾಗದು ಎಂದೇ ಅದು ಹೇಳುತ್ತದೆ. ನಂತರ ಬಂದ ಸಂವಾದಾತ್ಮಕ ತಂತ್ರಾಂಶಗಳು ಈ ನೇರ ನಡೆಯನ್ನು ಬಿಟ್ಟು ಸೌಜನ್ಯವನ್ನು ಆರಿಸಿಕೊಂಡವು. ಹೊಸೂರಿನ ಪಕ್ಕ ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೆಲವರಪಲ್ಲಿ ಅಣೆಕಟ್ಟಿನ ಪೂರ್ಣ ಮಟ್ಟ 44.28 ಅಡಿ. ಈ ಅಂಕಿಯನ್ನು 0.00025 ಮತ್ತು 52,000 ಎಂಬ ಬೇರೆ ಎರಡು ಅಳತೆಗಳ ಜೊತೆ ಒಂದೇ ಸಾಲಿನಲ್ಲಿ ಇಟ್ಟು ಮ್ಯಾಟ್‌ಲ್ಯಾಬ್‌ನ ಕಿರು ರೂಪದಲ್ಲಿ ನೋಡಿದರೆ, ಮೇಲೆ ಹತ್ತು ಸಾವಿರದ ಸಾಮಾನ್ಯ ಗುಣಕವೊಂದು ಕಾಣುತ್ತದೆ, ಕೆಳಗೆ 0.0044, 0.0000, 5.2000 ಎಂದಿರುತ್ತದೆ. ಅಣೆಕಟ್ಟಿನ ಮಟ್ಟ ಎರಡೇ ಸಾರ್ಥಕ ಅಂಕಿಗೆ ಇಳಿಯಿತು. ಸಣ್ಣ ಅಳತೆ ಪೂರ್ತಿ ಸೊನ್ನೆಯಾಯಿತು. ಮೂರೂ ಸಂಖ್ಯೆಗಳು ಒಳಗೆ ಕ್ಷೇಮವಾಗಿವೆ, ನಿಜ. ಆದರೆ ಓದುವವರು ಒಳಗೆ ಹೋಗಿ ನೋಡಲಾರರು. ಗುಣಕವನ್ನು ಗಮನಿಸದೆ ಕೆಳಗಿನ ಸಾಲನ್ನಷ್ಟೇ ವರದಿಗೆ ನಕಲು ಮಾಡುವುದು ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಹೊಸದೇನಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಪ್ರದರ್ಶನ ಎಂಬುದು ಮೈಮೇಲಿನ ಬಟ್ಟೆ ಇದ್ದಂತೆ, ಅದನ್ನು ಬದಲಿಸಿದರೆ ಒಳಗಿನ ಸಂಖ್ಯೆ ಬದಲಾಗುವುದಿಲ್ಲ ಎಂದು ಪ್ರತಿಯೊಂದು ತಂತ್ರಾಂಶದ ಕೈಪಿಡಿಯೂ ಹೇಳುತ್ತದೆ. ಆ ಮಾತು ಒಂದು ಷರತ್ತಿನ ಮೇಲೆ ಮಾತ್ರ ಸರಿ: ಸಂಖ್ಯೆ ಆ ಯಂತ್ರದಿಂದ ಎಂದೂ ಹೊರಗೆ ಬರಬಾರದು. ಹೊರಗೆ ಬರುವುದೇ ಸಂಖ್ಯೆಯ ಕೆಲಸವಾದ್ದರಿಂದ ಈ ಷರತ್ತು ನಡೆಯುವಂಥದಲ್ಲ. 1961ರ ಚಳಿಗಾಲದಲ್ಲಿ ಅಮೆರಿಕದ ಎಂಐಟಿಯಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಒಂದು ಮಾದರಿಯನ್ನು ರಾಯಲ್ ಮೆಕ್‌ಬೀ ಗಣಕದಲ್ಲಿ ಓಡಿಸುತ್ತಿದ್ದರು. ಯಂತ್ರ ಒಳಗೆ ಆರು ಅಂಕಿ ಇಟ್ಟುಕೊಂಡು, ಕಾಗದದ ಜಾಗ ಉಳಿಸಲು ಮೂರು ಅಂಕಿ ಮುದ್ರಿಸುತ್ತಿತ್ತು. ಲೆಕ್ಕವನ್ನು ಮಧ್ಯದಿಂದ ಮತ್ತೆ ಆರಂಭಿಸಲು ಅವರು ಮುದ್ರಿತ ಹಾಳೆಯಿಂದ 0.506 ಎಂದು ಒತ್ತಿದರು, ಒಳಗಿದ್ದದ್ದು 0.506127. ಸ್ವಲ್ಪ ಹೊತ್ತಿಗೆ ಎರಡು ಹವಾಮಾನಗಳಿಗೂ ಸಂಬಂಧವೇ ಇಲ್ಲದಷ್ಟು ಅಂತರ ಬಿತ್ತು. 1963ರ ಅವರ ಪ್ರಸಿದ್ಧ ಪ್ರಬಂಧಕ್ಕೂ ಅವ್ಯವಸ್ಥಾ ಸಿದ್ಧಾಂತದ ಇಂದಿನ ಬೆಳವಣಿಗೆಗೂ ಪ್ರೇರಣೆಯಾದ ಈ ಘಟನೆಯನ್ನು ಭೌತಶಾಸ್ತ್ರದವರು ಸೂಕ್ಷ್ಮಾವಲಂಬನೆಯ ಕಥೆಯಾಗಿ ಹೇಳುತ್ತಾರೆ. ಮೂಲತಃ ಅದು ಮುದ್ರಣದ ಸ್ಥಾನಗಳನ್ನು ಕಡಿಮೆ ಮಾಡಿದ್ದರ ಕಥೆಯೂ ಹೌದು.

ಲೊರೆಂಜ್ ಕೈಯಾರೆ ಒತ್ತಿದ್ದನ್ನು ಇಂದು ಕಡತಗಳು ತಾವಾಗಿ ಮಾಡುತ್ತವೆ. ಎಕ್ಸೆಲ್‌ನ ಸಾಮಾನ್ಯ ರೂಪದಲ್ಲಿ 12 ಅಂಕಿಯ ಸಂಖ್ಯೆ ಘಾತವಾಗಿ ಬದಲಾಗುತ್ತದೆ. ಆಧಾರ್ ಸಂಖ್ಯೆಗೆ ಇರುವುದು 12 ಅಂಕಿ. ಫಲಾನುಭವಿಗಳ ಪಟ್ಟಿ ತಯಾರಿಸುವ ಯಾವುದೇ ಕಚೇರಿಯ ಅಂಕಣದಲ್ಲಿ ಅದು ಆರು ಅಂಕಿಯ ಮುಂದೆ ಇ+11 ಎಂದು ಕುಗ್ಗಿ ಕಾಣುವುದು ಇದರಿಂದ. ಇಲ್ಲಿಯವರೆಗೆ ಹಾನಿ ಇಲ್ಲ, ಒಳಗೆ ಹನ್ನೆರಡೂ ಅಂಕಿಗಳಿವೆ. ಆದರೆ ಆ ಹಾಳೆಯನ್ನು ಸಿಎಸ್‌ವಿ ಎಂಬ ಬರಿಯ ಪಠ್ಯದ ಕಡತವಾಗಿ ಉಳಿಸಿದರೆ ಎಕ್ಸೆಲ್ ಬರೆಯುವುದು ಒಳಗಿನ ಸಂಖ್ಯೆಯನ್ನಲ್ಲ, ಕಾಣುವ ರೂಪವನ್ನು. ಮತ್ತೆ ತೆರೆದಾಗ ಕೊನೆಯ ಆರು ಅಂಕಿಗಳ ಜಾಗದಲ್ಲಿ ಸೊನ್ನೆಗಳಿರುತ್ತವೆ, ಮರಳಿ ಪಡೆಯುವ ದಾರಿ ಇರುವುದಿಲ್ಲ. 16 ಅಂಕಿಯ ಕಾರ್ಡ್ ಸಂಖ್ಯೆಯ ವಿಷಯ ಬೇರೆ. ಎಕ್ಸೆಲ್ ಇಟ್ಟುಕೊಳ್ಳುವುದೇ 15 ಅಂಕಿಯಾದ್ದರಿಂದ ಅಲ್ಲಿ ಕೊನೆಯದು ಒತ್ತಿದ ಕ್ಷಣದಲ್ಲೇ ಸೊನ್ನೆಯಾಗುತ್ತದೆ. ಎರಡರ ಪರಿಹಾರ ಒಂದೇ, ಅಂಕಣವನ್ನು ಮೊದಲೇ ಪಠ್ಯವೆಂದು ಗುರುತಿಸುವುದು. ರೋಗಗಳು ಮಾತ್ರ ಬೇರೆ ಬೇರೆ. ವಿಜ್ಞಾನದ ತಂತ್ರಾಂಶಗಳೂ ಇದರಿಂದ ಹೊರತಲ್ಲ. ಮ್ಯಾಟ್‌ಲ್ಯಾಬ್‌ನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಸಿಎಸ್‌ವಿರೈಟ್ ಎಂಬ ಆದೇಶ ಕಡತಕ್ಕೆ ಹೆಚ್ಚೆಂದರೆ ಐದು ಸಾರ್ಥಕ ಅಂಕಿ ಬರೆಯುತ್ತಿತ್ತು; ನಮ್‌ಪೈಯ ಸೇವ್‌ಟೆಕ್ಸ್ಟ್ ದಶಮಾಂಶದ ನಂತರ 18 ಸ್ಥಾನ ಬರೆಯುತ್ತದೆ. ಮೊದಲನೆಯದು ಕಡತವನ್ನು ಪರದೆ ಎಂದುಕೊಂಡಿತು, ಎರಡನೆಯದು ಉಗ್ರಾಣ ಎಂದುಕೊಂಡಿತು. ಅದೇ ನಮ್‌ಪೈ ಸಾವಿರಕ್ಕಿಂತ ಹೆಚ್ಚು ಅಂಶಗಳ ಸರಣಿಯನ್ನು ಪರದೆಗೆ ತೋರಿಸುವಾಗ ನಡುವೆ ಮೂರು ಚುಕ್ಕಿ ಇಟ್ಟು ಸಂಕ್ಷೇಪಿಸುತ್ತದೆ. ಆ ತೋರಿಕೆಯ ಪಠ್ಯವನ್ನೇ ಕಡತಕ್ಕೆ ಬರೆದವರಿಗೆ ದತ್ತಾಂಶದ ಬದಲು ಚುಕ್ಕಿಗಳು ಉಳಿದಿರುತ್ತವೆ.

ಯಂತ್ರಕ್ಕೆ ಮರಳದೆ ಮನುಷ್ಯರ ತೀರ್ಪಿಗೆ ಹೋದಾಗಲೂ ತೋರಿಕೆಯೇ ಸಂಖ್ಯೆಯಾಗುತ್ತದೆ. 1992ರ ಏಪ್ರಿಲ್ 5ರಂದು ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಚುನಾವಣೆಯಲ್ಲಿ ಗ್ರೀನ್ ಪಕ್ಷ 5.0 ಶೇಕಡಾ ಮತ ಪಡೆದಿದೆ ಎಂದು ಗಣಕದ ಪಟ್ಟಿ ತೋರಿಸಿತು. ಶಾಸನಸಭೆಗೆ ಬರಲು ಬೇಕಾದದ್ದು 5 ಶೇಕಡಾ. ನಿಜದಲ್ಲಿ ಸಿಕ್ಕಿದ್ದು 4.97, ದಶಮಾಂಶದ ನಂತರ ಒಂದೇ ಸ್ಥಾನ ತೋರಿಸುವ ಕಾರ್ಯಕ್ರಮ ಅದನ್ನು 5.0 ಮಾಡಿತ್ತು. ತಪ್ಪು ಪತ್ತೆಯಾದಾಗ ಆ ಪಕ್ಷದ ಸ್ಥಾನಗಳು ಹೋದವು, ಇನ್ನೊಂದು ಪಕ್ಷಕ್ಕೆ ಬಹುಮತ ಬಂತು. ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷಿ 2007ರದು. ಆ ವರ್ಷದ ಎಕ್ಸೆಲ್‌ನಲ್ಲಿ 850ನ್ನು 77.1ರಿಂದ ಗುಣಿಸಿದರೆ 65,535ರ ಬದಲು 1,00,000 ಎಂದು ಕಾಣುತ್ತಿತ್ತು. ಗುಣಾಕಾರ ಸರಿಯಾಗಿಯೇ ಇತ್ತು. ಆ ಉತ್ತರವನ್ನು ಇಮ್ಮಡಿಸಿದರೆ ಸರಿಯಾದ 1,31,070 ಬರುತ್ತಿತ್ತು. ದೋಷ ಇದ್ದದ್ದು ಬಿಟ್‌ಗಳನ್ನು ಅಂಕಿಗಳಾಗಿ ಮಾಡುವ ಭಾಗದಲ್ಲಿ ಮಾತ್ರ. ಪ್ರದರ್ಶನ ಅಲಂಕಾರವೇ ಆಗಿದ್ದರೆ ಅದನ್ನು ಲೋಕ ಕ್ಷಮಿಸಬೇಕಿತ್ತು. ಯಾರೂ ಕ್ಷಮಿಸಲಿಲ್ಲ, ಕ್ಷಮಿಸದಿದ್ದದ್ದೇ ಸರಿ.

ಹೊಸೂರು ಗಡಿಯಲ್ಲಿ ಈ ವಾದಕ್ಕೆ ಸಿಗುವ ಉದಾಹರಣೆ ಇವೆಲ್ಲಕ್ಕಿಂತ ಹಳೆಯದು ಮತ್ತು, ನನ್ನ ಎಣಿಕೆಯಲ್ಲಿ, ಎಲ್ಲಕ್ಕಿಂತ ಬಲವಾದದ್ದು. ಅತ್ತಿಬೆಲೆ ದಾಟಿ ಆನೇಕಲ್ ತಾಲ್ಲೂಕಿನ ಕಡೆ ಹೊಲವಿದ್ದರೆ ಅದರ ವಿಸ್ತೀರ್ಣ ಪಹಣಿಯಲ್ಲಿ ಎಕರೆ ಮತ್ತು ಗುಂಟೆಗಳಲ್ಲಿ ಇರುತ್ತದೆ. ಒಂದು ಎಕರೆಗೆ 40 ಗುಂಟೆ. ಈಚೆ, ಕೃಷ್ಣಗಿರಿ ಜಿಲ್ಲೆಯಲ್ಲಿ, ಜನ ಮಾತಾಡುವುದು ಎಕರೆ ಮತ್ತು ಸೆಂಟ್‌ಗಳಲ್ಲಿ. ಎಕರೆಗೆ 100 ಸೆಂಟ್. ಎರಡು ಕಡೆಯೂ ನಡುವೆ ಚುಕ್ಕಿ ಇಟ್ಟು 2.20 ಎಂದು ಬರೆಯುವುದುಂಟು. ಈಚೆಯ 2.20 ಎಂದರೆ ಎರಡು ಎಕರೆ ಇಪ್ಪತ್ತು ಸೆಂಟ್, ಅಂದರೆ ದಶಮಾಂಶದಲ್ಲೂ 2.2 ಎಕರೆ, ಸುಮಾರು 0.89 ಹೆಕ್ಟೇರ್. ಆಚೆಯ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, ಸುಮಾರು 1.01 ಹೆಕ್ಟೇರ್. ಎರಡೂ ಕಡೆ ಜಮೀನಿರುವ ಕುಟುಂಬ ತನ್ನ ಆಸ್ತಿಯ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ತುಂಬಿದರೆ ಮೊದಲ ತೊಂದರೆ ಕೂಡುವಾಗ ಕಾಣಿಸುತ್ತದೆ: ಪಹಣಿಯ 1.30 ಮತ್ತು 1.20 ಸೇರಿ ಮೂರು ಎಕರೆ ಹತ್ತು ಗುಂಟೆ ಆಗಬೇಕು, ಯಂತ್ರ 2.5 ಎನ್ನುತ್ತದೆ. ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಏನನ್ನೂ ಕೂಡದಿದ್ದರೂ, 2.20 ಎಂದು ಒತ್ತಿದ್ದನ್ನು ಹಾಳೆ 2.2 ಎಂದು ತೋರಿಸುತ್ತದೆ, ಏಕೆಂದರೆ ದಶಮಾಂಶದ ಕೊನೆಯ ಸೊನ್ನೆಗೆ ಬೆಲೆ ಇಲ್ಲ ಎಂಬುದು ಅದರ ನಂಬಿಕೆ. ಪಹಣಿ ಓದಿ ಅಭ್ಯಾಸವಿರುವ ಕಣ್ಣಿಗೆ 2.2 ಎಂದರೆ ಎರಡು ಎಕರೆ ಎರಡು ಗುಂಟೆ. ತೋರಿಕೆಯ ಒಂದು ಸೊನ್ನೆ ಬಿದ್ದುಹೋದದ್ದಕ್ಕೆ ಹದಿನೆಂಟು ಗುಂಟೆ, ಹೆಚ್ಚುಕಡಿಮೆ ಅರ್ಧ ಎಕರೆ, ಕಾಗದದಿಂದ ಹೋಯಿತು. ಒಳಗಿನ ಸಂಖ್ಯೆ ಬದಲಾಗಿಲ್ಲ ಎಂಬ ಸಮಾಧಾನ ಇಲ್ಲಿ ಯಾರ ಹೊಲವನ್ನೂ ಉಳಿಸುವುದಿಲ್ಲ. ಸರಿಯಾದ ದಾರಿ ಎಕರೆಗೊಂದು, ಗುಂಟೆಗೊಂದು ಅಂಕಣ ಇಡುವುದು. ಒಟ್ಟನ್ನು ಗುಂಟೆಗಳಲ್ಲಿ ಲೆಕ್ಕ ಹಾಕಿ, ತೋರಿಸುವಾಗ ಮಾತ್ರ ಎಕರೆ-ಗುಂಟೆಗೆ ಬಿಡಿಸುವುದು. ಸಂಗ್ರಹಕ್ಕೆ ಒಂದು ರೂಪ, ಓದಿಗೆ ಒಂದು ರೂಪ, ನಡುವೆ ನಾವು ಬರೆದ ನಿಯಮ ಎಂಬುದೇ ಪ್ರದರ್ಶನ ನಿಯಂತ್ರಣದ ಸಾರ.

ಕಾರ್ಖಾನೆಯ ಕಡೆ ತಿರುಗಿದರೆ ಚುಕ್ಕಿಯ ಬೆಲೆ ಇನ್ನೂ ಹೆಚ್ಚು. ದ್ವಿಚಕ್ರ ವಾಹನ, ಲಾರಿ, ಕೈಗಡಿಯಾರಗಳ ದೊಡ್ಡ ಕಾರ್ಖಾನೆಗಳನ್ನೂ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಅನೇಕ ಸಣ್ಣ ಘಟಕಗಳನ್ನೂ ಹೊಸೂರು ಸಾಕುತ್ತಿದೆ. ಅಲ್ಲಿನ ಸಿಎನ್‌ಸಿ ಯಂತ್ರಗಳಿಗೆ ಹೋಗುವ ಆದೇಶಗಳು ಪಠ್ಯ ರೂಪದ ಸಂಖ್ಯೆಗಳೇ. ಫಾನುಕ್ ನಿಯಂತ್ರಕದ ಸಾಂಪ್ರದಾಯಿಕ ಹೊಂದಾಣಿಕೆಯಲ್ಲಿ 10ರ ಮುಂದೆ ಚುಕ್ಕಿ ಇದ್ದರೆ ಹತ್ತು ಮಿಲಿಮೀಟರ್. ಚುಕ್ಕಿ ಇಲ್ಲದಿದ್ದರೆ ಅತಿ ಚಿಕ್ಕ ಮಾನದಲ್ಲಿ ಹತ್ತು, ಅಂದರೆ 0.010 ಮಿಲಿಮೀಟರ್. ಲೆಕ್ಕವನ್ನು ಬೇರೆ ತಂತ್ರಾಂಶದಲ್ಲಿ ಮಾಡಿ ಆದೇಶದ ಕಡತ ತಯಾರಿಸುವವರು, ಪೂರ್ಣಾಂಕಕ್ಕೆ ಚುಕ್ಕಿ ಅನಗತ್ಯ ಎಂದು ಭಾವಿಸುವ ರೂಪವನ್ನು ಆರಿಸಿದರೆ, ಅಳತೆ ಸಾವಿರ ಪಟ್ಟು ಕುಗ್ಗುತ್ತದೆ. ಸಿ ಭಾಷೆಯ ಪ್ರಿಂಟ್‌ಎಫ್‌ನಲ್ಲಿ ಸಾಮಾನ್ಯ ರೂಪ ಆರಿಸಿದರೆ ಹತ್ತು ಎಂಬುದು ಬರಿಯ 10 ಆಗುತ್ತದೆ. ಸ್ಥಿರ ದಶಮಾಂಶ ರೂಪ ಆರಿಸಿ ಮೂರು ಸ್ಥಾನ ಕೇಳಿದರೆ 10.000 ಆಗುತ್ತದೆ. ಯಂತ್ರದ ಉಳಿ ಎಲ್ಲಿ ನಿಲ್ಲಬೇಕೆಂಬುದು ಆ ಒಂದು ಅಕ್ಷರದ ಆಯ್ಕೆಯಲ್ಲಿದೆ.

ಹಾಗಾದರೆ ಎಲ್ಲವನ್ನೂ ಪೂರ್ತಿ ತೋರಿಸಿಬಿಡೋಣ, 17 ಅಂಕಿ ಬರೆದರೆ ಯಾವ ನಷ್ಟವೂ ಇಲ್ಲವಲ್ಲ ಎಂಬುದು ಎರಡನೇ ಆಕ್ಷೇಪ. ಯಂತ್ರದಿಂದ ಯಂತ್ರಕ್ಕೆ ಹೋಗುವ ಕಡತಕ್ಕೆ ಇದು ಸರಿಯಾದ ಉತ್ತರ. ಮನುಷ್ಯರಿಗೆ ಇದು ಇನ್ನೊಂದು ಬಗೆಯ ಸುಳ್ಳಾಗುತ್ತದೆ. ಕೆಲವರಪಲ್ಲಿಯ 44.28 ಅಡಿಯಲ್ಲಿ ಕೊನೆಯ ಸ್ಥಾನ ಸುಮಾರು ಮೂರು ಮಿಲಿಮೀಟರ್. ಅಲೆಯಾಡುವ ನೀರಿಗೆ ಅದೇ ಹೆಚ್ಚು. ಮ್ಯಾಟ್‌ಲ್ಯಾಬ್‌ನ ಕಿರು ರೂಪ ಅದನ್ನು 44.2800 ಎಂದು ತೋರಿಸಿದಾಗ, ಒಂದು ಮಿಲಿಮೀಟರಿನ ನೂರನೇ ಮೂರು ಭಾಗದವರೆಗೂ ಜಲಾಶಯವನ್ನು ಅಳೆದಿದ್ದೇವೆ ಎಂದು ಹೇಳಿದಂತಾಯಿತು. ತೋರಿಸಿದ ಪ್ರತಿ ಅಂಕಿಯೂ ಒಂದು ಭರವಸೆ. ಈ ತತ್ತ್ವವನ್ನು ನಮ್ಮ ದೇಶದ ಮಾನಕಗಳು ಬಹಳ ಹಿಂದೆಯೇ ಬರೆದಿಟ್ಟಿವೆ. ಸಂಖ್ಯೆಗಳನ್ನು ರೌಂಡ್ ಆಫ್ ಮಾಡುವ ನಿಯಮಗಳಿಗೆಂದೇ ಐಎಸ್ 2 ಎಂಬ ಭಾರತೀಯ ಮಾನಕ 1960ರಲ್ಲಿ ಪರಿಷ್ಕೃತವಾಯಿತು. ಉಕ್ಕು, ಸಿಮೆಂಟು, ಬೋಲ್ಟು ಮುಂತಾದ ಅಸಂಖ್ಯ ವಸ್ತುಗಳ ಮಾನಕಗಳು, ಪರೀಕ್ಷೆಯಲ್ಲಿ ಬಂದ ಅಂತಿಮ ಮೌಲ್ಯವನ್ನು ಐಎಸ್ 2ರಂತೆ ರೌಂಡ್ ಆಫ್ ಮಾಡಬೇಕು, ಮಾನಕದಲ್ಲಿ ನಿಗದಿಯಾದ ಮೌಲ್ಯಕ್ಕೆ ಎಷ್ಟು ಸಾರ್ಥಕ ಸ್ಥಾನವಿದೆಯೋ ಅಷ್ಟನ್ನೇ ಉಳಿಸಬೇಕು ಎಂದು ತಮ್ಮ ಆರಂಭದಲ್ಲೇ ಹೇಳುತ್ತವೆ. ಗರಿಷ್ಠ ಮಿತಿ 12.50 ಎಂದಿದ್ದು ಅಳತೆ 12.504 ಬಂದರೆ ವಸ್ತು ಉತ್ತೀರ್ಣ, ಏಕೆಂದರೆ ಆ ಮಿತಿಯ ಭಾಷೆಯಲ್ಲಿ ಅದು 12.50. ಮಿತಿ 12.500 ಎಂದಿದ್ದರೆ ಅನುತ್ತೀರ್ಣ. ಎಷ್ಟು ಸ್ಥಾನ ತೋರಿಸಬೇಕೆಂಬುದನ್ನು ಇಲ್ಲಿ ತಂತ್ರಾಂಶವಾಗಲಿ ಅದನ್ನು ನಡೆಸುವವರ ಅಭಿರುಚಿಯಾಗಲಿ ನಿರ್ಧರಿಸುವುದಿಲ್ಲ, ಉದ್ದೇಶ ನಿರ್ಧರಿಸುತ್ತದೆ.

ಎಷ್ಟು ಸ್ಥಾನ ಎಂಬುದರ ಜೊತೆಗೆ ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆ ಯಾವ ಕಡೆ ವಾಲಬೇಕು ಎಂಬುದೂ ಇದೆ. ಐಎಸ್ 2ರ ನಿಯಮದಂತೆ ಬಿಟ್ಟುಬಿಡುವ ಭಾಗ ಸರಿಯಾಗಿ 5 ಆಗಿದ್ದರೆ ಉಳಿಯುವ ಅಂಕಿ ಸಮಸಂಖ್ಯೆಯಾಗುವಂತೆ ಮಾಡಬೇಕು. ಹಾಗೆ ಮಾಡಿದರೆ ನೂರಾರು ಅಳತೆಗಳ ಸರಾಸರಿ ಒಂದೇ ಕಡೆಗೆ ಜರುಗುವುದಿಲ್ಲ. ಆದರೆ 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂ, ತೆರಿಗೆಯ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆ ಇದ್ದರೆ ಬಿಡಬೇಕು ಎನ್ನುತ್ತದೆ. 2,500.50 ಎಂಬುದು ತಪಾಸಣಾ ವರದಿಯಲ್ಲಿ 2,500, ತೆರಿಗೆ ಲೆಕ್ಕದಲ್ಲಿ 2,501. ಹೊಸೂರಿನ ಒಂದೇ ಘಟಕದ ಒಂದೇ ಗಣಕದಲ್ಲಿ ಬೆಳಿಗ್ಗೆ ಇನ್ಸ್‌ಪೆಕ್ಷನ್ ರಿಪೋರ್ಟೂ ಮಧ್ಯಾಹ್ನ ಬಿಲ್ಲೂ ಮುದ್ರಣವಾಗುವುದರಿಂದ ಎರಡು ನಿಯಮಗಳೂ ಒಂದೇ ದಿನ ಬೇಕು. ಪೈಥಾನ್ 2500.5ನ್ನು ದಶಮಾಂಶವಿಲ್ಲದೆ ತೋರಿಸು ಎಂದರೆ 2500 ಎನ್ನುತ್ತದೆ, ಎಕ್ಸೆಲ್ 2501 ಎನ್ನುತ್ತದೆ. ಒಂದು ಮೊದಲ ಕೆಲಸಕ್ಕೆ, ಇನ್ನೊಂದು ಎರಡನೆಯದಕ್ಕೆ ತಾನಾಗಿ ಹೊಂದಿತು. ಇದನ್ನೇ ನಂಬಿ ಕೂರುವಂತಿಲ್ಲ. 2.675ನ್ನು ಎರಡು ಸ್ಥಾನಕ್ಕೆ ತಂದರೆ ಸಮಸಂಖ್ಯೆಯ ನಿಯಮದಲ್ಲೂ ಏರಿಕೆಯ ನಿಯಮದಲ್ಲೂ 2.68 ಬರಬೇಕು. ಪೈಥಾನ್ 2.67 ಕೊಡುತ್ತದೆ, ಏಕೆಂದರೆ ದ್ವಿಮಾನದಲ್ಲಿ 2.675 ನಿಖರವಾಗಿ ನಿಲ್ಲದೆ ಕೂದಲೆಳೆಯಷ್ಟು ಕೆಳಗೆ ಕುಳಿತಿರುತ್ತದೆ. ಹಣ ಮತ್ತು ಅಂಗೀಕಾರದ ಮಿತಿಗಳು ಬರುವಲ್ಲಿ ದಶಮಾಂಶವನ್ನು ದಶಮಾಂಶವಾಗಿಯೇ ಇಡುವ ಪ್ರಕಾರವನ್ನು ಬಳಸಿ, ನಿಯಮವನ್ನು ಹೆಸರು ಹಿಡಿದು ಹೇಳುವುದೇ ದಾರಿ. ಪೈಥಾನ್‌ನ ಡೆಸಿಮಲ್ ವಿಭಾಗದಲ್ಲಿ ಎರಡೂ ನಿಯಮಗಳು ಬೇರೆ ಬೇರೆ ಹೆಸರಲ್ಲಿ ಸಿಗುತ್ತವೆ.

ತಜ್ಞರು ಇಟ್ಟ ಆರಂಭಿಕ ರೂಪಗಳನ್ನೇ ಒಪ್ಪಿಕೊಳ್ಳುವುದು ಕ್ಷೇಮ, ಸಾಮಾನ್ಯ ಬಳಕೆದಾರರಿಗೆ ಇಷ್ಟೆಲ್ಲ ಆಯ್ಕೆ ಕೊಟ್ಟರೆ ಗೊಂದಲವೇ ಹೆಚ್ಚು ಎಂಬ ಮಾತೂ ಇದೆ. ಇದರಲ್ಲಿ ತಿರುಳಿದೆ. ಮ್ಯಾಟ್‌ಲ್ಯಾಬ್‌ನ ದೀರ್ಘ ರೂಪಕ್ಕೆ ಬದಲಿಸಿದ ವಿದ್ಯಾರ್ಥಿ ಆ ಅಂಕಿಗಳನ್ನೆಲ್ಲ ನಿಜವೆಂದು ನಂಬುವ ಅಪಾಯ ಇದ್ದೇ ಇದೆ. ಆರ್‌ನಲ್ಲಿ ಅಂಕಿಗಳ ಸಂಖ್ಯೆ ಹೇಳುವ ಆಯ್ಕೆಯೂ ಘಾತದ ರೂಪವನ್ನು ಹಿಮ್ಮೆಟ್ಟಿಸುವ ಆಯ್ಕೆಯೂ ಇಡೀ ಅಧಿವೇಶನಕ್ಕೆ ಅನ್ವಯಿಸುತ್ತವೆ. ಒಬ್ಬರು ಬದಲಿಸಿದ್ದು ಇನ್ನೊಬ್ಬರ ವರದಿಯಲ್ಲಿ ಕಾಣದಂತೆ ಕೆಲಸ ಮಾಡೀತು. ಆದರೂ ಆರಂಭಿಕ ರೂಪ ಇಟ್ಟವರಿಗೆ ಸಂಖ್ಯೆ ಅಣೆಕಟ್ಟಿನದೋ ಬೋಲ್ಟಿನದೋ ಪಹಣಿಯದೋ ತಿಳಿದಿರಲಿಲ್ಲ. ತಿಳಿದಿರುವುದು ಅಳತೆ ಮಾಡಿದವರಿಗೆ ಮಾತ್ರ. ಆದ್ದರಿಂದ ಗೊಂದಲಕ್ಕೆ ಪರಿಹಾರ ಆಯ್ಕೆಯನ್ನು ಕಿತ್ತುಕೊಳ್ಳುವುದಲ್ಲ, ಅದನ್ನು ಇಡೀ ಅಧಿವೇಶನದಿಂದ ತೆಗೆದು ಆಯಾ ಮುದ್ರಣದ ಸಾಲಿಗೆ ಕಟ್ಟಿಹಾಕುವುದು. ಸಿಯ ಪ್ರಿಂಟ್‌ಎಫ್ ಮತ್ತು ಪೈಥಾನ್‌ನ ಎಫ್-ಸ್ಟ್ರಿಂಗ್ ಮಾಡುವುದು ಇದನ್ನೇ: ಸಂಖ್ಯೆಯ ಪಕ್ಕದಲ್ಲೇ ಅದರ ರೂಪ ಬರೆದಿರುತ್ತದೆ, ಮುಂದೆ ಓದುವವರಿಗೂ ಉದ್ದೇಶ ಕಾಣುತ್ತದೆ.

ಅಲ್ಪವಿರಾಮದ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. 12,34,567 ಎಂದು ನಾವು ಲಕ್ಷದಲ್ಲಿ ಓದುವುದನ್ನು ಪೈಥಾನ್‌ನ ಅಲ್ಪವಿರಾಮದ ರೂಪ 1,234,567 ಎಂದು ಮೂರು ಮೂರಾಗಿ ಒಡೆಯುತ್ತದೆ, ಭಾರತದ ಕ್ರಮಕ್ಕೆ ಅಲ್ಲಿ ನೇರ ಗುರುತಿಲ್ಲ. ಎಕ್ಸೆಲ್‌ನಲ್ಲಿ ಅದು ವಿಂಡೋಸ್‌ನ ಪ್ರದೇಶದ ಆಯ್ಕೆಯನ್ನು ಅವಲಂಬಿಸಿದೆ. ಹಾಗಾಗಿ ಒಂದೇ ಹಾಳೆ ಎರಡು ಯಂತ್ರಗಳಲ್ಲಿ ಎರಡು ರೀತಿ ಕಾಣಬಹುದು. ಜರ್ಮನಿಯಿಂದ ಬಂದ ಡ್ರಾಯಿಂಗ್‌ನಲ್ಲಿ 25,4 ಎಂದಿದ್ದರೆ ಅಲ್ಪವಿರಾಮವೇ ದಶಮಾಂಶದ ಗುರುತು. ಅಳತೆ ಮತ್ತು ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನ 2003ರಲ್ಲಿ ಚುಕ್ಕಿ, ಅಲ್ಪವಿರಾಮ ಎರಡನ್ನೂ ದಶಮಾಂಶದ ಗುರುತಾಗಿ ಒಪ್ಪಿ, ಅಂಕಿಗಳ ಗುಂಪುಗಳ ನಡುವೆ ಬರಿಯ ಖಾಲಿ ಜಾಗ ಬಿಡಬೇಕೆಂದು ಮತ್ತೆ ಹೇಳಿತು. ಲಕ್ಷದ ಅಲ್ಪವಿರಾಮಕ್ಕೂ ಕನ್ನಡದ ಅಂಕಿಗಳಿಗೂ ಒತ್ತಾಯಿಸುವುದು ಬರಿಯ ಅಭಿಮಾನ ಎಂದು ತಳ್ಳಿಹಾಕುವವರಿದ್ದಾರೆ. ಕೋಟಿಯ ಮೊತ್ತವನ್ನು ಮೂರು ಮೂರಾಗಿ ಒಡೆದು ತೋರಿಸಿದರೆ ಅದನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಿಕೊಳ್ಳಬೇಕಾದವರು ಪಂಚಾಯಿತಿ ಸದಸ್ಯರೂ ಸ್ವಸಹಾಯ ಸಂಘದ ಲೆಕ್ಕ ನೋಡುವ ಹೆಣ್ಣುಮಕ್ಕಳೂ. ತಪ್ಪು ಓದಿನ ಹೊರೆ ಬೀಳುವುದು ಅವರ ಮೇಲೆ. ಅದನ್ನು ಅಭಿಮಾನದ ಪ್ರಶ್ನೆ ಎನ್ನಲಾಗದು. ಅಂಕಿಗಳ ಲಿಪಿಯಲ್ಲಿ ಅರ್ಧ ದಾರಿ ಈಗಾಗಲೇ ಸಾಗಿದೆ. ಪೈಥಾನ್‌ಗೆ ೧೨೩ ಎಂದು ಕೊಟ್ಟರೆ ಅದನ್ನು ನೂರ ಇಪ್ಪತ್ತಮೂರು ಎಂದೇ ಓದಿಕೊಳ್ಳುತ್ತದೆ, ಆದರೆ ಉತ್ತರವನ್ನು 123 ಎಂದು ಕೊಡುತ್ತದೆ. ತೆಲುಗಿನ ಅಂಕಿಗಳನ್ನೂ ಹಾಗೆಯೇ ಓದುತ್ತದೆ. ಹೊಸೂರಿನ ಕಣ್ಣಿಗೆ ಎರಡೂ ಲಿಪಿಗಳ ಹಲವು ಅಂಕಿಗಳು ಒಂದೇ ರೀತಿ ಕಂಡರೂ ಯೂನಿಕೋಡ್‌ನಲ್ಲಿ ಅವು ಬೇರೆ ಬೇರೆ ಅಕ್ಷರಗಳು, ಹಾಗಾಗಿ ಕಡತದಲ್ಲಿ ಹುಡುಕಿದರೆ ಒಂದಕ್ಕೊಂದು ಸಿಗುವುದಿಲ್ಲ. ಬ್ರೌಸರುಗಳ ಜಾವಾಸ್ಕ್ರಿಪ್ಟ್‌ನಲ್ಲಿ ಕನ್ನಡ ಅಂಕಿಯ ಪದ್ಧತಿಯನ್ನು ಹೆಸರಿಸಿ ಕೇಳಿದರೆ ಉತ್ತರವೂ ಕನ್ನಡ ಅಂಕಿಗಳಲ್ಲೇ ಬರುತ್ತದೆ. ನಮ್‌ಪೈಯಲ್ಲಿ ಅಂಥ ಸಿದ್ಧ ಆಯ್ಕೆ ಇಲ್ಲ. ಅಲ್ಲಿರುವ ಫಾರ್ಮ್ಯಾಟರ್ ಎಂಬ ಬಾಗಿಲಿನಲ್ಲಿ ನಮ್ಮದೇ ಕೆಲವು ಸಾಲು ಬರೆದು ಕೂರಿಸಿದರೆ ಲಕ್ಷದ ಅಲ್ಪವಿರಾಮ, ಕನ್ನಡದ ಅಂಕಿ, ಎಕರೆ-ಗುಂಟೆ ಮೂರನ್ನೂ ತೋರಿಸಬಹುದು, ಒಳಗಿನ ಸಂಖ್ಯೆಯನ್ನು ಮುಟ್ಟದೆ.